ಮೋಡದ ಮೇಲಿನ ಮಂಚ

ನಮ್ಮಪ್ಪ ಭೋಜನ್ ಬದುಕಿದ್ದಾನೆ. ಈ ವರ್ಷ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಕೂನೂರಿನ ಬಸ್ ನಿಲ್ದಾಣದಲ್ಲಿ ಹೇಳಿದೆ, ನಾನು ಪಾಠ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗಲೂ ಹೇಳಬೇಕಾಯಿತು. ಕೇಳಿದವರು ಒಂದು ಕ್ಷಣ ನನ್ನನ್ನೇ ನೋಡಿ, "ಮತ್ತೆ ಆ ಪೋಸ್ಟರು?" ಅನ್ನುತ್ತಾರೆ. ಆಗ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಸಾಕಾಗಿಹೋಗಿದೆ.

ಅಪ್ಪನಿಗೆ ಅರವತ್ತಾರು. ಒಂದು ಎಕರೆ ಟೀ ತೋಟ, ಒಂದು ಮುದಿ ಪಿಕಪ್ ಗಾಡಿ. ಆದರೆ ಸುತ್ತಲ ಹಟ್ಟಿಗಳಲ್ಲಿ ಅವನನ್ನು ಜನ ತಿಳಿದಿರುವುದು ತೋಟದಿಂದಲ್ಲ, ದನಿಯಿಂದ. ನಾವು ಈ ಬೆಟ್ಟದ ಬಡಗರು, ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಬಯಲಿನಲ್ಲಿ ಮಂಚದ ಮೇಲೆ ಮಲಗಿಸುತ್ತೇವೆ. ಎತ್ತುವ ಮೊದಲು ಹಿರಿಯನೊಬ್ಬ ತಲೆಯ ಬಳಿ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನು ಸಾಲು ಸಾಲಾಗಿ ಹೇಳಬೇಕು. ಬಾಯಾರಿ ಬಂದವರಿಗೆ ನೀರಿಲ್ಲ ಎಂದಿದ್ದರೆ, ಕರುವಿಗೆ ಬಿಡದೆ ಹಾಲು ಕರೆದಿದ್ದರೆ, ಹೀಗೆ. ನಿಜವಾಗಿ ಮಾಡಿದ್ದರೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ, ಪಟ್ಟಿ ಎಲ್ಲರಿಗೂ ಒಂದೇ. ಮೂವತ್ತು ವರ್ಷದಿಂದ ಅದನ್ನು ಹೇಳುತ್ತಿರುವವನು ನಮ್ಮಪ್ಪ.

ಹನ್ನೊಂದು ವರ್ಷದ ಹಿಂದೆ ಮಾವ ಸುರೇಂದ್ರನ್ ತೀರಿಕೊಂಡರು. ಅಪ್ಪನ ಒಬ್ಬಳೇ ತಂಗಿ, ನನ್ನ ಮಾಮಿ ವಸಂತಿಯ ಗಂಡ. ಸಣ್ಣ ತೋಟದವರಿಂದ ಟೀ ಎಲೆ ತೂಗಿ ಕೊಂಡು ಫ್ಯಾಕ್ಟರಿಗೆ ಹಾಕುತ್ತಿದ್ದರು. ಅವರ ತಕ್ಕಡಿಯ ಬಗ್ಗೆ ಜನ ಒಳಗೊಳಗೇ ಏನೇನೋ ಆಡಿಕೊಳ್ಳುತ್ತಿದ್ದರು. ಅಪ್ಪನೇ ಪಾಪಗಳನ್ನು ಹೇಳಲು ನಿಂತ. "ತೂಗುವಾಗ ಮೋಸ ಮಾಡಿದ್ದರೆ" ಎಂಬ ಸಾಲಿಗೆ ಬಂದು, ಸುಮ್ಮನೆ ನಿಂತುಬಿಟ್ಟ. ಬಹಳ ಹೊತ್ತೇನಲ್ಲ, ಅಂಗಿಯ ಎರಡು ಗುಂಡಿ ಹಾಕುವಷ್ಟು ಹೊತ್ತು. ಅಷ್ಟರಲ್ಲಿ ಎಲೆ ಮಾರುವವರೆಲ್ಲ ತಲೆ ಎತ್ತಿದರು. ಯಾರೋ ಕಿಸಕ್ಕನೆ ನಕ್ಕರು.

ಬೇಕೆಂದೇ ನಿಲ್ಲಿಸಿದ ಎಂದಳು ಮಾಮಿ. ಕೆಮ್ಮು ಬಂತು ಎಂದ ಅಪ್ಪ. ನಾನು ಮಂಚದಿಂದ ನಾಲ್ಕು ಮಾರು ದೂರದಲ್ಲಿದ್ದೆ, ಕೆಮ್ಮು ಗಿಮ್ಮು ಏನೂ ಬರಲಿಲ್ಲ. ಮಾಮಿ ಅಂದಿನಿಂದ ನಮ್ಮ ಮನೆಗೆ ಕಾಲಿಡಲಿಲ್ಲ. ಚೇರಂಬಾಡಿಯ ಎಸ್ಟೇಟಿನಲ್ಲಿ ಕೆಲಸದಲ್ಲಿರುವ ಮಗ ಸತೀಶ್‌ಕುಮಾರನ ಜೊತೆ ಇರಲು ಹೋದಳು. ಪ್ರತಿ ವರ್ಷ ಹೊಸ ಆಲೂಗಡ್ಡೆ ಬಂದ ಕೂಡಲೇ ಅಪ್ಪ ಒಂದು ಮೂಟೆಯನ್ನು ಬಸ್ಸಿಗೆ ಹಾಕಿ ಕಳಿಸುತ್ತಾನೆ. ಕಟ್ಟು ಬಿಚ್ಚದೆ ಅದು ಹಾಗೇ ವಾಪಸ್ಸು ಬರುತ್ತದೆ. ಆ ದಿನ ಅಪ್ಪ ಊಟ ಮಾಡುವುದಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ, ತಂಗಿ ಮತ್ತೆ ಮನೆಗೆ ಬರಬೇಕು. ಅದಕ್ಕೆ ಹೇಳಬೇಕಾದ ಒಂದು ಮಾತನ್ನು ಮಾತ್ರ ಅವನು ಹೇಳಲಾರ. "ಕೆಮ್ಮು ಬಂತು ಅಂದ್ನಲ್ಲ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಾ ಹನ್ನೊಂದು ವರ್ಷ ಕಳೆದ. ಅವ್ವೆ ಜಗಳವಾಡಿ ನೋಡಿದಳು. ನಾನು ಮಾತು ಬಿಟ್ಟು ನೋಡಿದೆ. ಅವನ ಹಟ ಅವನಿಗೆ.

ಇನ್ನು ಆ ಫೋಟೋದ ಕಥೆ. ಹೋದ ಮೇ ತಿಂಗಳು, ಸೀಸನ್. ಅಪ್ಪ ಒಂದು ಸಾವಿಗೆ ಹೋಗಿ ಪಾಪಗಳನ್ನು ಹೇಳಿ, ಬರುವಾಗ ಗಾಡಿ ಖಾಲಿ ಏಕೆ ಬರಬೇಕೆಂದು ಒಂದು ಹೋಂಸ್ಟೇಗೆ ಮಂಚ ಸಾಗಿಸಲು ಒಪ್ಪಿಕೊಂಡಿದ್ದ. ಕೂನೂರಿನ ಪೇಟೆಯಲ್ಲಿ ಪ್ರವಾಸಿಗರ ಕಾರುಗಳು ಎರಡು ಗಂಟೆಯಿಂದ ಅಲುಗಾಡದೆ ನಿಂತಿದ್ದವು. ಅಲ್ಲೇ ಟೈರ್ ಪಂಕ್ಚರ್. ಸ್ಟೆಪ್ನಿ ತೆಗೆಯಲು ಮಂಚವನ್ನು ಕೆಳಗಿಳಿಸಿದರು. ಅಪ್ಪನಿಗೆ ಬೆನ್ನು ನೋವು. ಹೋಗಿ ಆ ಮಂಚದ ಮೇಲೆ ಮಲಗಿದ, ರಸ್ತೆಯ ಪಕ್ಕದಲ್ಲಿ, ಆಕಾಶದ ಕೆಳಗೆ! ಬಿಳಿ ಪಂಚೆ, ಬಿಳಿ ಮುಂಡಾಸು, ಎದೆಯವರೆಗೆ ಎಳೆದುಕೊಂಡ ಬಿಳಿ ಹೊದಿಕೆ. ಜೇಬಿನ ಫೋನು ಯಾರೂ ಎಗರಿಸಬಾರದೆಂದು ಎರಡೂ ಕೈ ಎದೆಯ ಮೇಲೆ. ನಮ್ಮ ಹಟ್ಟಿಯ ಚಿಕ್ಕ ಮಗು ಕೂಡ ಆ ಬಟ್ಟೆಯಲ್ಲಿ ಹಾಗೆ ಮಲಗುವುದಿಲ್ಲ. ಎಷ್ಟೋ ಮಂಚಗಳ ತಲೆದೆಸೆಯಲ್ಲಿ ನಿಂತವನು ಮಲಗಿದ.

ಅದೇ ಹೊತ್ತಿಗೆ ಒಂದು ಕೋತಿ ಯಾರದೋ ಚಿಪ್ಸ್ ಪೊಟ್ಟಣ ಕಿತ್ತುಕೊಂಡು ಕರೆಂಟ್ ಕಂಬ ಹತ್ತಿತಂತೆ. ಬೀದಿಗೆ ಬೀದಿಯೇ ತಲೆ ಎತ್ತಿ ಅದನ್ನು ನೋಡುತ್ತಿತ್ತು. ಬೀದಿಯ ಫೋಟೋಗಳನ್ನೇ ತೆಗೆಯುವ ಚೆನ್ನೈನ ಹುಡುಗಿಯೊಬ್ಬಳು ಅಲ್ಲಿದ್ದಳು, ಕ್ಲಿಕ್ಕಿಸಿದಳು. ಅಪ್ಪನನ್ನು ಎಬ್ಬಿಸಿ ತೋರಿಸಿದಳು, "ತಾತಾ" ಎಂದಳು, ಟೀ ಕೊಡಿಸಿದಳು, ಅವಳ ಫೋನಿನ ಮೇಲೆ ಬೆರಳಿನಿಂದ ಸಹಿ ಮಾಡಿಸಿಕೊಂಡಳು. ಏನಕ್ಕೆ ಸಹಿ ಎಂದು ಅಪ್ಪ ಕೇಳಲಿಲ್ಲ. "ಫೋಟೋ ಚೆನ್ನಾಗಿತ್ತು" ಎಂದಷ್ಟೇ ಮನೆಗೆ ಬಂದು ಹೇಳಿದ.

ಆಗಸ್ಟ್‌ನಲ್ಲಿ ಆ ಫೋಟೋ ಒಂದು ಹಾಸಿಗೆ ಕಂಪನಿಯ ಜಾಹೀರಾತಾಗಿ ಗೋಡೆ ಹತ್ತಿತು. ಕೋತಿಯನ್ನು ಅಳಿಸಿಬಿಟ್ಟಿದ್ದರು. ಮಂಚವನ್ನು ರಸ್ತೆಯಿಂದ ಎತ್ತಿ ಅಂಗಡಿಗಳ ಸೂರಿಗಿಂತ ಮೇಲೆ, ಮೋಡದಲ್ಲಿ ತೇಲಿಸಿದ್ದರು. ಕೆಳಗೆ ಅವೇ ಕಾರುಗಳು, ಅದೇ ಜನ, ಎಲ್ಲರೂ ತಲೆ ಎತ್ತಿ ಈಗ ಅಪ್ಪನನ್ನೇ ನೋಡುತ್ತಿದ್ದಾರೆ. ಅಪ್ಪ ಕಣ್ಣು ಮುಚ್ಚಿ, ಕೈ ಕಟ್ಟಿ, ಬಿಳಿ ಹೊದ್ದು ಮೇಲಕ್ಕೆ ಹೊರಟಿದ್ದಾನೆ. ಅಡಿಯಲ್ಲಿ ತಮಿಳಿನಲ್ಲಿ ದೊಡ್ಡದಾಗಿ, ಇನ್ನು ಎಂದೆಂದಿಗೂ ನೆಮ್ಮದಿ. ಕಂಪನಿಯ ಹೆಸರು ಮೂಲೆಯಲ್ಲಿ ಇರುವೆಯಷ್ಟು. ಇದನ್ನು ತಂದು ಅಂಟಿಸಿದ್ದು ಎಲ್ಲಿ? ಸತ್ತವರ ಫೋಟೋವನ್ನು ಮೋಡದ ನಡುವೆ ಹಾಕಿ ಕಣ್ಣೀರಿನ ಶ್ರದ್ಧಾಂಜಲಿ ಪೋಸ್ಟರ್ ಅಂಟಿಸುವ, ಬಸ್ ನಿಲ್ದಾಣದ ಅದೇ ಗೋಡೆಯ ಮೇಲೆ.

ಶನಿವಾರ ಸಂಜೆ ಯಾವನೋ ಅದರ ಫೋಟೋ ತೆಗೆದು, ಮೂಲೆ ಕತ್ತರಿಸಿ, ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ. ಸಾವಿನ ಮನೆಗೆ ಫೋನ್ ಮಾಡಿ ನಿಜವೇ ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳುತ್ತಾರೆ. ಕರ್ಮಕ್ಕೆ ಪಕ್ಕದ ಹಟ್ಟಿಯಲ್ಲಿ ನಿಜವಾಗಿಯೂ ಒಂದು ಸಾವಾಗಿತ್ತು. ಭಾನುವಾರ ಮೂರು ಗಂಟೆಗೆ ಅಪ್ಪ ಅಲ್ಲಿಗೆ ಹೋಗಬೇಕಿತ್ತು. ಬೆಳಗ್ಗೆ ಫೋನ್ ಬಂತು, ಅಪ್ಪನೇ ಎತ್ತಿದ.

"ಎತ್ತೋದು ಏಟು ಗಂಟೆಗೆ?"

"ಮೂರಕ್ಕೆ."

"ನಾವೆಲ್ಲ ಬತ್ತೀವಿ."

"ಬನ್ನಿ, ಬನ್ನಿ."

ಹೀಗೆ ಐದು ಫೋನ್. ಎಲ್ಲರಿಗೂ ಗೊತ್ತಿರುವ ದನಿ, ಆದರೆ ಸತ್ತವನೇ ಫೋನ್ ಎತ್ತುತ್ತಾನೆಂದು ಯಾರು ಎಣಿಸುತ್ತಾರೆ? ದಾಯಾದಿಗಳಿಗೂ ಅದೇ ದನಿ ಬಂದಿದೆ ಎಂದುಕೊಂಡರಂತೆ.

ಹನ್ನೊಂದು ಗಂಟೆಯಿಂದ ವ್ಯಾನುಗಳು ಬರತೊಡಗಿದವು. ಬಿಳಿ ಬಟ್ಟೆಯ ಜನ ಇಳಿದು, ಅಳಲು ಸಿದ್ಧರಾಗಿ ಅಂಗಳಕ್ಕೆ ಬಂದರೆ, ಅಪ್ಪ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕೆಲವರು ನಕ್ಕರು. ಹಲವರಿಗೆ ಸಿಟ್ಟು ಬಂತು. ತೊಂಬತ್ತರ ಹತ್ತಿರದ ಬೆಳ್ಳಿ ತಾತ, "ಕೋತಗಿರಿಯಿಂದ ನಿಂತ್ಕೊಂಡೇ ಬಂದೆ, ಮೊಣಕಾಲು ಹೋಯ್ತು" ಎಂದು ಗೊಣಗಿ ಗೋಡೆಗೆ ಒರಗಿದ. ಬಂದವರನ್ನು ಹಸಿದು ಕಳಿಸಲಾಗುತ್ತದೆಯೇ? ಅವ್ವೆ ದೊಡ್ಡ ಪಾತ್ರೆಯಲ್ಲಿ ಅವರೆ ಸಾರು ಇಟ್ಟಳು. ನಾನು ಪೋಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ನಮ್ಮಪ್ಪನ ಫೋಟೋ ತೆಗೆಯಿರಿ ಎಂದೆ. ಆ ಕಡೆಯ ಹುಡುಗಿ, "ಯಾವ ಅಳತೆಯ ಹಾಸಿಗೆ ಬೇಕು ಮೇಡಂ?" ಎಂದಳು. ಮತ್ತೆ ವಿವರಿಸಿದೆ. "ಹತ್ತು ದಿನದಲ್ಲಿ ಬದಲಾಯಿಸಿ ಕೊಡ್ತೇವೆ" ಎಂದಳು. ಯಾರನ್ನು ಬದಲಾಯಿಸುತ್ತಾಳೋ.

ಒಂದು ಗಂಟೆಯ ಹೊತ್ತಿಗೆ ರಸ್ತೆಯಿಂದ ಅಳು ಕೇಳಿಸಿತು. ನಮ್ಮ ಅಂಗಳದಲ್ಲಿ ನಲವತ್ತು ಜನ, ಎಲ್ಲರೂ ರಸ್ತೆಯ ಕಡೆ ತಿರುಗಿದರು. ಮಾಮಿ ಸತೀಶ್‌ಕುಮಾರನ ತೋಳು ಹಿಡಿದು, "ಅಣ್ಣಾ, ಅಣ್ಣಾ" ಎಂದು ಗೋಳಾಡುತ್ತಾ ಬರುತ್ತಿದ್ದಳು. ಕಣ್ಣು ತುಂಬಿಕೊಂಡು ಯಾರನ್ನೂ ನೋಡದೆ ಮೆಟ್ಟಿಲು ಹತ್ತಿದಳು. ಅಲ್ಲಿ ಅಪ್ಪ, ಮಡಿಲಲ್ಲಿ ತಟ್ಟೆ, ಕೈಯಲ್ಲಿ ಅನ್ನ.

"ಸತ್ತಿಲ್ಲವಾ?" ಎಂದಳು.

"ಇಲ್ಲ" ಎಂದ ಅಪ್ಪ.

ಮಾಮಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕತ್ತಲಿರುವಾಗಲೇ ಹೊರಟೆ. ಗೂಡಲೂರು ದಾಟೋವಾಗ ಎಲ್ಲ ಬಿಟ್ಟುಬಿಟ್ಟೆ ಅಣ್ಣ. ಹೋದವನ ಮೇಲೆ ಏನು ಕೋಪ ಅಂತ, ಹನ್ನೊಂದು ವರ್ಷದ್ದೂ ಬಿಟ್ಟೆ. ಈಗ ನೀ ಕೂತು ಉಣ್ಣೋದು ನೋಡಿ ಎಲ್ಲ ತಿರುಗಿ ಬಂತು."

"ಅದಕ್ಕೆ ನಾ ಸಾಯಬೇಕಾ?"

"ಸಾಯಬೇಡ. ಹೇಳು."

ಏನು ಹೇಳಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಪ್ಪ ತಟ್ಟೆ ನೋಡಿದ, ಅವ್ವೆಯನ್ನು ನೋಡಿದ. "ಕೆಮ್ಮು..." ಎಂದು ಶುರು ಮಾಡಿದ. ನನಗೆ ಅವನ ಬಾಯಿ ಮುಚ್ಚಬೇಕೆನಿಸಿತು. ಮಾಮಿ ತಿರುಗಿ ಒಂದು ಮೆಟ್ಟಿಲು ಇಳಿದಳು, ಇನ್ನೊಂದಕ್ಕೆ ಕಾಲಿಟ್ಟಳು. ಇನ್ನು ಅವಳು ಬರುವುದು ಅವನು ನಿಜವಾಗಿ ಸತ್ತಾಗಲೇ. ಬಹುಶಃ ಆಗಲೂ ಬರುವುದಿಲ್ಲ, ಒಮ್ಮೆ ಮೋಸ ಹೋದವಳು.

ಅಪ್ಪ ತಟ್ಟೆ ಕೆಳಗಿಟ್ಟು ಎದ್ದು ನಿಂತ. ಕಷ್ಟದ ಮಾತಿಗೆ ಅವನಲ್ಲಿ ಇರುವುದು ಒಂದೇ ದನಿ, ಅದೇ ಹೊರಟಿತು.

"ತಂಗಿಯ ಗಂಡನ ತಲೆಯ ಹತ್ರ ನಿಂತು, ಬೇಕಂತ ನಿಲ್ಲಿಸಿದೆ. ನನ್ನ ಎಲೆಯ ತೂಕದಲ್ಲೂ ಮೋಸ ಮಾಡಿದ್ದ ಅನ್ನೋ ಸಿಟ್ಟಿತ್ತು. ಕೆಮ್ಮು ಬರಲಿಲ್ಲ."

ಹಿಂದಿನಿಂದ ಬೆಳ್ಳಿ ತಾತ, "ಹೋಗಲಿ" ಎಂದ. ಅವನು ಕ್ಷಮಿಸಲು ಹೇಳಿದ್ದಲ್ಲ. ಮಂಚದ ಬಳಿ ಒಂದೊಂದು ಪಾಪದ ಸಾಲು ಮುಗಿದಾಗಲೂ ಸೇರಿದವರೆಲ್ಲ ಒಟ್ಟಿಗೆ ಹಾಗೆ ಹೇಳಬೇಕು. ಆ ದನಿಯಲ್ಲಿ ಒಂದು ಸಾಲು ಕಿವಿಗೆ ಬಿತ್ತು, ಮುದುಕನ ಬಾಯಿ ತಾನಾಗಿಯೇ ಉತ್ತರ ಕೊಟ್ಟಿತು. ಅವನ ಹಿಂದೆಯೇ ನಲವತ್ತು ಜನ, ಅದಕ್ಕೆಂದೇ ಬಿಳಿ ಉಟ್ಟು ಬಂದವರು, "ಹೋಗಲಿ" ಎಂದರು. ಅವ್ವೆ ಹೇಳಿದಳು. ನಾನೂ ಹೇಳಿದೆ.

ಮಾಮಿ ಹೇಳಲಿಲ್ಲ. ನಮಗೆ ಬೆನ್ನು ಹಾಕಿ, ಮೆಟ್ಟಿಲಿನ ಮೇಲೆ ಹಾಗೇ ನಿಂತಿದ್ದಳು. ಅಪ್ಪ ಅನ್ನ ಅಂಟಿದ ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಎಲ್ಲರ ದನಿ ಅಡಗಿ ಎಷ್ಟೋ ಹೊತ್ತಾದ ಮೇಲೆ, ತಿರುಗದೆಯೇ, ಮಾಮಿ ಒಬ್ಬಳೇ ಹೇಳಿದಳು.

"ಹೋಗಲಿ."