ಆರಿನ್ ಸ್ಟ್ಯಾಡ್ಲರನ ಹತ್ತು ಆಜ್ಞೆಗಳು

ಸಲೀನಾಸ್‌ನ ಪೆಡ್ರಾಜಿ ಬೀಜದಂಗಡಿಯಲ್ಲಿ ನಾನು ಲಾರಿ ಓಡಿಸಿದಷ್ಟು ವರ್ಷ ಆರಿನ್ ಸ್ಟ್ಯಾಡ್ಲರನಷ್ಟು ಬೀಗುವ ಮನುಷ್ಯನನ್ನು ಕಾಣಲಿಲ್ಲ. ಬೀಗಲು ಅವನಿಗಿದ್ದ ಬಂಡವಾಳವೆಂದರೆ ಸಿಪಿ/ಎಂ ಎಂಬ ಕಂಪ್ಯೂಟರ್ ವ್ಯವಸ್ಥೆಯ ಹತ್ತು ಆಜ್ಞೆಗಳು. ಅಂಗಡಿಯ ಕಂಪ್ಯೂಟರು ಪರದೆಯ ಮೇಲೆ ಒಂದೇ ಒಂದು ಅಕ್ಷರ ತೋರಿಸಿ ಸುಮ್ಮನೆ ಕೂರುತ್ತಿತ್ತು. ಮುಂದೇನು ಒತ್ತಬೇಕೆಂಬುದು ಆರಿನ್‌ಗೆ ಮಾತ್ರ ಗೊತ್ತು. ಯಾರಾದರೂ ಕೇಳಿದರೆ, ಮೊದಲು ಕಾಫಿ ತಂದುಕೊಡಿ ಅನ್ನುತ್ತಿದ್ದ. ಕುಡಿದ ಮೇಲೂ ಹೇಳುತ್ತಿರಲಿಲ್ಲ.

ಬೆರಳಚ್ಚುಗಾರ್ತಿ ಅರ್ಲೀನ್ ಮಚಾಡೊ. ಯಾವ ಹೊಲದಲ್ಲಿ ಯಾವ ಲೆಟ್ಯೂಸ್ ಸೊಪ್ಪಿನ ಬೀಜ ಹೇಗೆ ಮೊಳೆಯಿತೆಂದು ರೈತರು ಬರೆದು ಕಳಿಸಿದ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವವಳು ಅವಳು. ತುಂಬಿದ ಚೀಟಿ ಅಂದೇ ಕಸಕ್ಕೆ ಹೋಗಬೇಕೆಂದು ಆರಿನ್‌ನ ಕಟ್ಟಪ್ಪಣೆ.

1983ರಲ್ಲಿ ಆ ಯಂತ್ರ ಕೆಟ್ಟು, ಡಾಸ್ ಎಂಬ ಬೇರೆ ವ್ಯವಸ್ಥೆ ಇರುವ ಹೊಸದು ಬಂತು. ಆರಿನ್ ಮೂಗು ಮುರಿದ. ಇದರಲ್ಲಿ ನಾನು ಓದಿ ಕಲಿಯುವಂಥದ್ದೇನಿದೆ ಎಂದು ಕೈಪಿಡಿಯನ್ನು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟ. ಅರ್ಲೀನ್ ಅದನ್ನೆತ್ತಿ ಧೂಳು ಕೊಡವಿ, ಊಟದ ಬಿಡುವಿನಲ್ಲಿ ಪೂರ್ತಿ ಓದಿದಳು.

ಮೇ ಕೊನೆಯಲ್ಲಿ, ಅವಳು ಐದು ವಾರ ತುಂಬಿದ ಫ್ಲಾಪಿಯ ಪ್ರತಿ ತೆಗೆಯಲು ಆರಿನ್ ಕೂತ. ಹಳೆಯ ವ್ಯವಸ್ಥೆಯಲ್ಲಿ ಪ್ರತಿ ತೆಗೆಯುವಾಗ ‘ಎಲ್ಲಿಗೆ’ ಎಂಬುದನ್ನು ಮೊದಲು, ‘ಎಲ್ಲಿಂದ’ ಎಂಬುದನ್ನು ಆಮೇಲೆ ಬರೆಯಬೇಕಿತ್ತು. ಡಾಸ್‌ನಲ್ಲಿ ಅದು ತಿರುಗುಮುರುಗು.

“ಆರಿನ್, ಹಿಂದುಮುಂದಾಗಿದೆ ಕಣಯ್ಯ. ಒತ್ಬೇಡ,” ಅಂದಳು ಅರ್ಲೀನ್.

“ನೀನು ಟೈಪ್ ಮಾಡ್ಕೊಂಡಿರಮ್ಮ. ಯೋಚ್ನೆ ಮಾಡೋಕೆ ನಾನಿದೀನಿ,” ಎಂದು ಒತ್ತೇಬಿಟ್ಟ.

ಇನ್ನೊಂದು ಫ್ಲಾಪಿಯಲ್ಲಿದ್ದ ಏಪ್ರಿಲ್‌ನ ಹಳೇ ಪ್ರತಿ ಹೊಸದರ ಮೇಲೆ ಹೋಗಿ ಕೂತಿತು. ಐದು ವಾರದ ಕೆಲಸ ಅಳಿಸಿಹೋಯಿತು. ನೋಡಿಕೊಳ್ಳೋಣವೆಂದರೆ ಚೀಟಿಗಳೂ ಇಲ್ಲ.

ಯಂತ್ರವೇ ಸರಿಯಿಲ್ಲ ಎಂದು ಆರಿನ್ ಮಾಲೀಕರ ಮುಂದೆ ವಾದಿಸಿದ. ಮಾಲೀಕ ಪೆಡ್ರಾಜಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಆದರೆ ಓದಲು ಬರುತ್ತಿತ್ತು. ಅರ್ಲೀನ್ ಕೈಪಿಡಿಯ ಆ ಪುಟ ತೆಗೆದು ಮುಂದಿಟ್ಟಳು. ಮುದುಕ ಬೆರಳಿಟ್ಟು ಓದಿ, ಆರಿನ್‌ನತ್ತ ಫೋನು ತಳ್ಳಿದ.

“ಒಬ್ಬೊಬ್ಬ ರೈತನಿಗೂ ನೀನೇ ಫೋನ್ ಮಾಡಿ ಮತ್ತೆ ಕೇಳು. ಅವಳು ಬರ್ಕೋತಾಳೆ.”

ಮೊದಲ ದಿನ ಹನ್ನೊಂದು ಜನರ ಬೈಗುಳ ತಿಂದ ಮಹಾಶಯ ಮೂರನೇ ದಿನ ಕೋಟು ಹೆಗಲಿಗೇರಿಸಿ ಹೋದವನು ತಿರುಗಿ ಬರಲಿಲ್ಲ. ಅರ್ಲೀನ್‌ಳ ಕ್ಷಮೆ ಕೇಳುವುದು ಹಾಗಿರಲಿ, ಒಂದು ವಿದಾಯದ ಮಾತೂ ಇಲ್ಲ.

ಉಳಿದ ರೈತರ ಬಳಿಗೆ ನಾನೂ ಅರ್ಲೀನೂ ಲಾರಿಯಲ್ಲೇ ಹೋದೆವು. ಒಂಬತ್ತು ಹೊಲಗಳ ವಿವರ ಕೊನೆಗೂ ಸಿಗಲಿಲ್ಲ. ಆ ವರ್ಷ ಅವರಿಗೆ ಅಂದಾಜಿನ ಮೇಲೆ ಬೀಜ ಕೊಟ್ಟೆವು. ಜುಲೈನಲ್ಲಿ ಅವಳು ಡಾಸ್‌ನ ಆಜ್ಞೆಗಳನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಒಂದು ವಾರದಲ್ಲಿ ನಾನೂ ಕಲಿತೆ. ಇಷ್ಟಕ್ಕೇ ಆ ಮನುಷ್ಯ ನಾಲ್ಕು ವರ್ಷ ನಮ್ಮನ್ನು ಆಟ ಆಡಿಸಿದ್ದ.