ಉದ್ದ ಉಳಿಸಿಕೊಂಡು ಕೊಳ್ಳೇಗಾಲಕ್ಕೆ

ಬಸ್ಸಿನ ಕಂಡಕ್ಟರ್ ಕೆಲಸದ ದೇಹ ಪರೀಕ್ಷೆಗೆ ಕೊಳ್ಳೇಗಾಲಕ್ಕೆ ಬರಲು ಕರೆ ಬಂದಾಗ ನನಗಿದ್ದದ್ದು ಎತ್ತರದ ಚಿಂತೆಯೊಂದೇ. ವಯಸ್ಸಿನ ಮಿತಿ ಮುಗಿಯುತ್ತಿತ್ತು; ಈ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು.

ಅವ್ವ ಟೇಪು ಹಿಡಿದು, ಬೇಕಾದ ಎತ್ತರಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಮಸಿಯಲ್ಲಿ ಗೆರೆ ಎಳೆದಳು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತರೆ ನನ್ನ ನೆತ್ತಿ ಗೆರೆ ಮುಟ್ಟುತ್ತಿತ್ತು. ಸಂಜೆ ನಿಂತರೆ ಅರ್ಧ ಸೆಂಟಿಮೀಟರ್ ಕಮ್ಮಿ. ಇಡೀ ವಾರ ಹೀಗೇ ಆಯಿತು.

"ನಿಂತ್ಕಂಡ್ರೆ ತಾನೆ ಕುಗ್ಗದು? ಕೊಳ್ಳೇಗಾಲದ್ ಗಂಟ ನಿಲ್ಲಲೇಬ್ಯಾಡ ಬುಡು," ಎಂದಳು ಅವ್ವ.

ಸೋದರಮಾವ ಗೂಡ್ಸ್ ಆಟೋ ತಂದ. ಪರೀಕ್ಷೆಯ ದಿನ ಹಾಸಿಗೆಯಿಂದ ನನ್ನನ್ನು ಚಾಪೆ ಸಮೇತ ಎತ್ತಿ ಹಿಂದೆ ಮಲಗಿಸಿದರು. ಧೂಳು ಕೂರದಿರಲಿ ಎಂದು ಅವ್ವ ಮುಖಕ್ಕೆ ಬಿಳಿ ಟವೆಲ್ ಹೊದಿಸಿದಳು. ಕೌದಳ್ಳಿ ದಾಟುವವರೆಗೂ ರಸ್ತೆಯ ಪ್ರತಿ ಹಳ್ಳಕ್ಕೂ ನನ್ನ ಬೆನ್ನು ಲೆಕ್ಕ ಒಪ್ಪಿಸಿತು.

ಹನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಆಟೋ ನಿಲ್ಲಿಸಿ ಇಬ್ಬರೂ ಇಡ್ಲಿ ತಿನ್ನಲು ಹೋದರು. ಅಷ್ಟರಲ್ಲಿ ಯಾರೋ ಮುದುಕಿ ಆಟೋ ಪಕ್ಕದಲ್ಲಿ ಲೊಚಗುಟ್ಟಿದ್ದು ಕೇಳಿಸಿತು.

"ಯಾರ್ ಎತ್ತ ಮಗಳೋ. ಎಳೇ ಜೀವ. ಜೊತೇಲಿ ಒಬ್ರೂ ಇಲ್ವಲ್ಲಪ್ಪ, ಸಿವನೆ."

ನನ್ನ ಕಾಲ ಮೇಲೆ ಸೇವಂತಿಗೆ ಬಿತ್ತು, ಆಮೇಲೆ ಎದೆಯ ಮೇಲೆ. ಎದ್ದು ಕೂತರೆ ಅರ್ಧ ಸೆಂಟಿಮೀಟರ್ ಹೋಗುತ್ತದೆ, ಸುಮ್ಮನಿದ್ದರೆ ನನ್ನ ತಿಥಿಯೇ ಆಗಿಬಿಡುತ್ತದೆ. ಮಲಗಿದ್ದ ಹಾಗೇ ಟವೆಲ್ ಸರಿಸಿದೆ.

"ಅಜ್ಜಿ, ನಾ ಸತ್ತಿಲ್ಲ. ಉದ್ದ ಉಳುಸ್ಕಂಡು ಮಲಗಿವ್ನಿ."

ಅಜ್ಜಿ ಹೂವಿನ ಕುಕ್ಕೆಯನ್ನು ಅಲ್ಲೇ ಬಿಟ್ಟು ಓಡಿದಳು. ಆ ವಯಸ್ಸಿಗೆ ಆ ಓಟ ನೋಡಿದ್ದರೆ ಯಾವ ಪರೀಕ್ಷೆಯಲ್ಲೂ ಅವಳನ್ನು ಪಾಸು ಮಾಡುತ್ತಿದ್ದರು. ಅವ್ವ ಬಂದು ಕುಕ್ಕೆಯನ್ನು ಪಕ್ಕದ ಅಂಗಡಿಯವನಿಗೆ ಒಪ್ಪಿಸಿ ಆಟೋ ಹತ್ತಿದಳು.

ಕೊಳ್ಳೇಗಾಲದ ಮೈದಾನದ ಬಾಗಿಲಲ್ಲಿ ಇಳಿಸಿದ ಮೇಲೆ ನಾನು ಒಂದೇ ಉಸಿರಿಗೆ ಅಳತೆಯ ಕಂಬದ ಹತ್ತಿರ ಹೋದೆ. ಅಳೆಯುವವರು ಮೊದಲು ತುರುಬು ಬಿಚ್ಚಿಸಿದರು. ಪಟ್ಟಿ ನೆತ್ತಿಗೆ ಇಳಿಯಿತು. ಅವರು ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಸರ್ಯಾಗದೆ. ನಡಿ ತಾಯಿ."

ಹೋದ ಜೀವ ಬಂದಂತಾಯಿತು. ಗೇಟಿನ ಹೊರಗೆ ಅವ್ವನನ್ನು ತಬ್ಬಿಕೊಂಡು ಅತ್ತೆ.

ಈಗ ಅದೇ ರಸ್ತೆಯ ಬಸ್ಸಿನಲ್ಲಿ ನಾನು ಕಂಡಕ್ಟರ್. ಮೊನ್ನೆ ಹನೂರಿನಲ್ಲಿ ಹೂವಿನ ಕುಕ್ಕೆ ಹೊತ್ತ ಅಜ್ಜಿಯೊಬ್ಬಳು ಹತ್ತಿದಳು. ಫ್ರೀ ಟಿಕೆಟ್ ಹರಿದು ಕೊಟ್ಟೆ. ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿದಳು.

"ಅವತ್ತು ಆಟೋಲಿ ಮಲಗಿದ್ದೋಳು ನೀನೇ ಅಲ್ವಾ?"

"ಊಂ ಅಜ್ಜಿ, ನಾನೇಯ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಸತ್ತಾಗ ಇನ್ನೂ ಒಸಿ ಉದ್ದ ಇದ್ದೆ ಕಣವ್ವ."