ಫೆಲಿಸ್ಮಿನಾಳ ಮೀನಿನ ವ್ಯಾನು ಶಾವೆಶ್‌ಗೆ ಹೋದದ್ದು

ನಮ್ಮ ಒಲ್ಯಾಂವ್ ಬಂದರಿನಲ್ಲಿ ಬೆಳಗಿನ ಹರಾಜು ಮುಗಿಯುತ್ತಲೇ ಫೆಲಿಸ್ಮಿನಾ ತನ್ನ ಬಿಳಿ ವ್ಯಾನಿಗೆ ಬಂಗುಡೆ, ಬೂತಾಯಿ, ಮಂಜುಗಡ್ಡೆ ತುಂಬಿಕೊಂಡು ಗುಡ್ಡದ ಹಳ್ಳಿಗಳಿಗೆ ಹೊರಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಹಿಡಿದ ಕಸುಬು. ಈಗ ಅವಳಿಗೆ ಅರವತ್ತು ದಾಟಿತ್ತು. ಅವಳು ಹಿಡಿಯುತ್ತಿದ್ದ ರಸ್ತೆ ಒಂದೇ. ದಕ್ಷಿಣದ ಕಡಲಿನ ಪಕ್ಕದಿಂದ ಹೊರಟು, ಪೋರ್ಚುಗಲ್ಲಿನ ನಡುಬೆನ್ನಿನ ಮೇಲೆ ಹಾದು, ಉತ್ತರದ ಗಡಿಯ ಶಾವೆಶ್ ಊರಿಗೆ ಮುಟ್ಟುವ ಹಳೆಯ ಹೆದ್ದಾರಿ. ಅದರಲ್ಲಿ ಅಮೈಶಿಯಾಲ್ ಎಂಬ ಹಳ್ಳಿಯವರೆಗೆ ಹೋಗಿ ಗಾಡಿ ತಿರುಗಿಸುತ್ತಿದ್ದಳು. ಅಲ್ಲಿಂದಾಚೆ ಅಲ್ಮೊಡೋವರಿನ ಮೀನು ವ್ಯಾಪಾರಿಯ ಪಾಲು. ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈಹಾಕಬಾರದೆನ್ನುವುದು ಕಸುಬಿನ ಮರ್ಯಾದೆ.

ಅಮೈಶಿಯಾಲಿನ ಕೊನೆಯ ಮನೆಯ ಕುಸ್ತೋದಿಯಜ್ಜಿ ಒಂದು ದಿನ ಮೀನು ಕೊಂಡವಳು ಒಳಗೆ ಹೋಗದೆ ಅಲ್ಲೇ ನಿಂತಳು.

"ಅಲ್ವೇ, ಇಷ್ಟು ವರ್ಷದಿಂದ ನನ್ನ ಬಾಗಿಲಲ್ಲೇ ಗಾಡಿ ತಿರುಗಿಸ್ತೀಯಲ್ಲ, ಆ ಕಡೆ ರಸ್ತೆ ಏನು ನಿನ್ನ ಕಚ್ಚುತ್ತಾ?"

"ಆ ಕಡೆ ಬೇರೆಯವನ ವ್ಯಾಪಾರ ಅಜ್ಜಿ."

"ಮೀನಿಗೆ ಸರಿ. ನಿನಗೇನು ಅಡ್ಡಿ?"

ಫೆಲಿಸ್ಮಿನಾ ಎಂದಿನಂತೆ ಗಾಡಿ ತಿರುಗಿಸಿಕೊಂಡು ಹೊರಟಳು. ಮನೆ ಮುಟ್ಟುವವರೆಗೂ ಆ ಮಾತು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಮರುದಿನ ಊಟಕ್ಕೆ ಕೂತಾಗ, ಮುಂದಿನ ಬೇಸಿಗೆಗೆ ವ್ಯಾನಿನಲ್ಲೇ ಶಾವೆಶ್‌ವರೆಗೆ ಹೋಗುತ್ತೇನೆ ಎಂದುಬಿಟ್ಟಳು.

ಬಲೆ ಹೆಣೆಯುವ ಗಂಡ ಜೆಫೆರಿನೊ ತಟ್ಟೆಯಿಂದ ತಲೆಯೆತ್ತಲಿಲ್ಲ. "ಹೋಗಿ ಬಾ. ನನ್ನ ಕರೀಬೇಡ. ಸಮುದ್ರ ಕಾಣದ ಜಾಗದಲ್ಲಿ ನನಗೆ ಅನ್ನ ಇಳಿಯಲ್ಲ."

ಅವರ ಮನೆಯಲ್ಲೇ ಇದ್ದ ನಾದಿನಿ ದಿಯೊಲಿಂಡಾ ಹೊಲಿಗೆಯವಳು. ನಾಲಿಗೆಯೂ ಸೂಜಿಯಷ್ಟೇ ಮೊನಚು. "ಆ ವ್ಯಾನಲ್ಲಾ ಅತ್ತಿಗೆ? ದೇಶದ ಬೆಕ್ಕುಗಳೆಲ್ಲ ಮೆರವಣಿಗೆ ಬರ್ತವೆ. ಯಾವ ಹೋಟೆಲಿನವನು ಒಳಗೆ ಬಿಟ್ಟುಕೊಳ್ತಾನೆ?"

ಹೋಟೆಲು ಫೆಲಿಸ್ಮಿನಾಳಿಗೂ ಬೇಕಿರಲಿಲ್ಲ. ಫಾರೋ ಪಟ್ಟಣದಲ್ಲಿ ಯಾರೋ ಕೊಟ್ಟ ಹೋಟೆಲುಗಳ ಬಣ್ಣದ ಹಾಳೆಗಳ ತುಂಬ ಈಜುಕೊಳಗಳ ಚಿತ್ರಗಳಿದ್ದವು. ಅವನ್ನು ಮಡಚಿ ಮೀನು ಸುತ್ತಲು ಇಟ್ಟುಕೊಂಡಳು. ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು: ಹಳ್ಳಿಹಳ್ಳಿಯಲ್ಲಿ ಮೀನು ತೂಗುತ್ತ, "ಈ ರಸ್ತೆ ಮೇಲೆ ನಿಮ್ಮೋರು ಯಾರಾದ್ರೂ ಇದಾರಾ?" ಎಂದು ಕೇಳಿದಳು.

ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಿಗೇ ನೆನಪಾಗತೊಡಗಿತು. ಕುಸ್ತೋದಿಯಜ್ಜಿಯ ತಂಗಿಯನ್ನು ಮೊಂತಾರ್ಜಿಲ್ ಕೆರೆಯ ಊರಿಗೆ ಕೊಟ್ಟಿತ್ತು. ಗೋಯಿಶ್‌ನಲ್ಲಿ ಒಬ್ಬರ ಬೀಗರಿದ್ದರು. ವಿಸೆವ್ ನಗರದಲ್ಲಿ ಬ್ರೆಡ್ಡಿನ ಭಟ್ಟಿ ಇಟ್ಟಿದ್ದವನು ಇನ್ನೊಬ್ಬರ ಚಿಕ್ಕಪ್ಪನ ಮಗ. ಹೆಸರು ಕೊಟ್ಟವರೆಲ್ಲ ತಮ್ಮವರಿಗೆ ಒಂದೊಂದು ಗಂಟನ್ನೂ ಕೊಟ್ಟು ಕಳಿಸುತ್ತೇವೆಂದರು: ಒಣ ಅಂಜೂರ, ಜೇನು, ಗುಡ್ಡದ ಹಣ್ಣಿನ ಸಾರಾಯಿ. "ನನ್ನ ಹೆಸರು ಹೇಳು, ಹಾಸಿಗೆ ಹಾಸದಿದ್ರೆ ನಾನೇ ಬಂದು ಕೇಳ್ತೀನಿ ಅನ್ನು."

ಯಾರಿಗೆ ಯಾವ ಮೀನೆಂದು ನೆನಪಿಡುವ ತಲೆಯಲ್ಲೇ ಅವಳು ಈ ಹೆಸರುಗಳನ್ನೂ ಇಟ್ಟುಕೊಂಡಳು. ದಿಯೊಲಿಂಡಾ ಎಷ್ಟು ದಿನ ಮೂಗು ಮುರಿದಾಳು? ನಕ್ಷೆಯನ್ನು ತಲೆಕೆಳಗಾಗಿ ಹಿಡಿದ ಅತ್ತಿಗೆಯನ್ನು ನೋಡಲಾರದೆ ಕಸಿದುಕೊಂಡಳು. "ಕೊಡಿಲ್ಲಿ. ನೀನು ಹೀಗೆ ಹೋದ್ರೆ ಮೊರಾಕೊ ಮುಟ್ತೀಯ." ಅಲ್ಲಿಂದ ಅವಳೂ ಸೇರಿದಳು. ವಿನಿಗರ್, ನಿಂಬೆ ಹಾಕಿ ವ್ಯಾನನ್ನು ತಿಕ್ಕಿ, ಸೀಟಿಗೆ ಹೊಸ ಕವಚ ಹೊಲಿದಳು.

ಆದರೆ ದಾರಿಯ ನಟ್ಟನಡುವೆ ಒಂದು ತೂತು ಉಳಿಯಿತು. ಪೈನ್ ಕಾಡಿನ ನಡುವಿನ ಸೆರ್ತಾಂ ಊರಿನಲ್ಲಿ ಯಾರಿಗೂ ಯಾರೂ ಇರಲಿಲ್ಲ. ಅಲ್ಲಿ ತಂಗಲು ಜಾಗ ಸಿಗದಿದ್ದರೆ ಗೋಯಿಶ್‌ನ ತಿರುವುಗಳನ್ನು ದಣಿದ ಕಣ್ಣಲ್ಲಿ ಹತ್ತಬೇಕು. ಅಂಗಳದಲ್ಲಿ ಅತ್ತಿಗೆ ನಾದಿನಿ ಇದನ್ನೇ ಜಗ್ಗಾಡುತ್ತಿದ್ದಾಗ ಬಲೆಯ ಹಿಂದಿನಿಂದ ಜೆಫೆರಿನೊ ಹೇಳಿದ: "ಅನಿಬಲ್ ಇದಾನೆ."

"ಯಾವ ಅನಿಬಲ್?"

"ಗಿನಿಯಲ್ಲಿ ನನ್ನ ಜೊತೆ ಇದ್ದ. ಸೆರ್ತಾಂನವನು. ಅವನಿಗೆ ಈಜು ಬರ್ತಿರಲಿಲ್ಲ. ನದಿ ದಾಟೋ ಹುಕುಂ ಬಂದಿತ್ತು. ನಾನು ಕಲಿಸಿದೆ."

ಹರೆಯದಲ್ಲಿ ಸೈನ್ಯ ಎಳೆದೊಯ್ದ ಆಫ್ರಿಕಾದ ಆ ಯುದ್ಧದ ಬಗ್ಗೆ ಅವನು ಹೆಂಡತಿಯೆದುರು ಬಾಯಿ ಬಿಟ್ಟದ್ದು ಅದೇ ಮೊದಲು. ಫೆಲಿಸ್ಮಿನಾ ಹೆಚ್ಚು ಕೆದಕಲಿಲ್ಲ. "ಹಾಗಾದ್ರೆ ಬಾಗಿಲು ತಟ್ಟೋಕೆ ನೀನೇ ಬೇಕು" ಎಂದಳು.

"ಸೆರ್ತಾಂವರೆಗೆ ಮಾತ್ರ. ಅಲ್ಲಿಂದ ಬಸ್ಸಲ್ಲಿ ವಾಪಸ್ಸು."

ಜೂನಿನಲ್ಲಿ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಹೊರಟರು. ಕುಸ್ತೋದಿಯಜ್ಜಿಯ ಬಾಗಿಲಲ್ಲಿ ಫೆಲಿಸ್ಮಿನಾ ಈ ಸಲ ಗಾಡಿ ತಿರುಗಿಸದೆ ನೇರ ಹೋದಳು. ಆಮೇಲೆ ಓಕ್ ಮರಗಳ ಬಯಲು, ಮಾಗಿದ ಗೋಧಿ. ಮೊಂತಾರ್ಜಿಲಿನಲ್ಲಿ ಅಜ್ಜಿಯ ತಂಗಿ ಅಂಜೂರದ ಗಂಟನ್ನು ಮೂಸಿ ನೋಡಿ, "ನಮ್ಮ ತವರುಮನೆ ಮರದ್ದೇ" ಎಂದವಳು ಇಡೀ ಸಂಜೆ ಅವರ ಕೈ ಬಿಡಲಿಲ್ಲ.

ಸೆರ್ತಾಂನಲ್ಲಿ ಬಾಗಿಲು ತೆರೆದವನು ಬೋಳುತಲೆಯ ದಪ್ಪ ಮುದುಕ. ಜೆಫೆರಿನೊನನ್ನು ಕಂಡೊಡನೆ ಸೈನ್ಯದ ದಿನಗಳ ಅಡ್ಡಹೆಸರಿನಿಂದಲೇ ಕರೆದ.

"ಏನೋ ಉಪ್ಪುನೀರು, ಬದುಕಿದೀಯಾ?"

"ನೀನು ಮುಳುಗಿಲ್ಲ ತಾನೆ ಅಂತ ನೋಡೋಕೆ ಬಂದೆ."

ಅನಿಬಲ್ ಅವರನ್ನು ಕೂರಲೂ ಬಿಡದೆ ಹೊಳೆಗೆ ಕರೆದೊಯ್ದ. ಕಟ್ಟೆ ಹಾಕಿ ನಿಲ್ಲಿಸಿದ ನೀರಿನಲ್ಲಿ ಊರಿನ ಮಕ್ಕಳು ಕುಣಿಯುತ್ತಿದ್ದವು. "ನೋಡೋ, ಇವಕ್ಕೆ ಈಜು ಕಲಿಸಿದ್ದು ನಾನು. ಇವುಗಳ ಅಪ್ಪ ಅಮ್ಮಂದಿರಿಗೂ ನಾನೇ. ಎಲ್ಲಾ ನಿನ್ನ ಶಿಷ್ಯನ ಶಿಷ್ಯರು." ಜೆಫೆರಿನೊ ಪ್ಯಾಂಟು ಮಡಚಿ ನೀರಿಗಿಳಿದು, ಬೆನ್ನು ತಿರುಗಿಸಿ ಮುಖ ತೊಳೆದುಕೊಂಡ. ತುಂಬ ಹೊತ್ತು ತೊಳೆದುಕೊಂಡ. ಆ ರಾತ್ರಿ ಸಮುದ್ರ ಕಾಣದ ಊರಿನಲ್ಲಿ ಅವನು ಎರಡು ಸಲ ಬಡಿಸಿಕೊಂಡು ಉಂಡ.

ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಅವನು ವ್ಯಾನಿನಲ್ಲಿ ಕೂತಿದ್ದ.

"ಇಳಿಯಣ್ಣ, ಬಸ್ಸು ಬಂತು" ಎಂದಳು ದಿಯೊಲಿಂಡಾ.

"ನೀನು ಇಳಿ ಬೇಕಾದ್ರೆ."

ವಿಸೆವ್‌ನ ಭಟ್ಟಿಯವನು ಬಿಸಿ ಬ್ರೆಡ್ಡು ತುಂಬಿಕೊಟ್ಟ. ಡೋರು ನದಿಗೆ ಇಳಿಯುವ ದ್ರಾಕ್ಷಿ ತೋಟಗಳ ದಾರಿಯಲ್ಲಿ ಬ್ರೇಕು ಕಾದು ವಾಸನೆ ಬಂತು. ಫೆಲಿಸ್ಮಿನಾ ಗಾಡಿ ನಿಲ್ಲಿಸಿ, ಬ್ರೇಕು ತಣಿಯಲು ಬಿಟ್ಟು, ಸಣ್ಣ ಗೇರಿನಲ್ಲಿ ಇಳಿಸಿದಳು. ಸ್ಟಿಯರಿಂಗನ್ನು ಯಾರ ಕೈಗೂ ಕೊಡಲಿಲ್ಲ.

ಶಾವೆಶ್‌ನಲ್ಲಿ, ರಸ್ತೆಯ ಅಳತೆ ಶುರುವಾಗುವ ಸೊನ್ನೆ ಕಿಲೋಮೀಟರಿನ ಕಲ್ಲು ಒಂದು ವೃತ್ತದ ನಡುವೆ ಇದೆ. ದೊಡ್ಡ ಮೋಟಾರ್‌ಸೈಕಲ್ಲುಗಳ ಗುಂಪೊಂದು ಅಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿತ್ತು. ಅವರಲ್ಲೊಬ್ಬ ವ್ಯಾನಿನ ಮೇಲಿನ ಮೀನಿನ ಚಿತ್ರ ನೋಡಿ ಕೇಳಿದ: "ಅಮ್ಮ, ಎಲ್ಲಿಂದ ಬಂದ್ರಿ?"

"ಒಲ್ಯಾಂವ್‌ನಿಂದ."

"ಇದರಲ್ಲೇ? ಓಡಿಸಿದ್ದು ಯಾರು?"

ಜೆಫೆರಿನೊ ಬಾಯಿ ತೆರೆಯುವ ಮೊದಲೇ ದಿಯೊಲಿಂಡಾ ಹೇಳಿದಳು: "ನಮ್ಮತ್ತಿಗೆ. ಮತ್ಯಾರು?"

ಆ ಗಂಡಸರು ಕಲ್ಲಿನ ಬಳಿ ಜಾಗ ಬಿಟ್ಟು ಚಪ್ಪಾಳೆ ತಟ್ಟಿದರು. ಫೆಲಿಸ್ಮಿನಾ ಎರಡೂ ಕೈಯನ್ನು ಕಲ್ಲಿನ ಮೇಲೂರಿ ನಿಂತಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಕೊನೆಗೆ ತಲೆಗೂದಲು ಸರಿಮಾಡಿಕೊಂಡು, "ಈಗ ತೆಗೀರಿ ಫೋಟೋ" ಎಂದಳು.